ಹೊಲಮನೆಗೆ ಎಂಥ ನಾಯಿ ತರಬೇಕು?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟ್ರಿಗೆ ನಾಯಿಯ ವಿಚಾರ ಏಕೆಂದು ನೀವು ನಗಬಹುದು. ಬಿತ್ತನೆಗೆ ತಳಿ ಆರಿಸುವಾಗ ನೆಲ, ನೀರು, ಹಂಗಾಮು ನೋಡುವ ನಾವು, ನಾಯಿ ತರುವಾಗ ಮಾತ್ರ ಅದರ ಅಂದವನ್ನಷ್ಟೇ ನೋಡುತ್ತೇವೆ. ನಾನೂ ಹಾಗೆ ಮಾಡಿ ಕೆಟ್ಟವನೇ.

ಕೆಲವು ವರ್ಷಗಳ ಹಿಂದೆ ಮುಧೋಳ ತಳಿಯ ಮರಿಯೊಂದನ್ನು ಆಸೆಪಟ್ಟು ತಂದೆ. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯ ತಳಿ ಅದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಉದ್ದ ಮೂತಿ, ಆಳವಾದ ಎದೆ, ಸಣ್ಣ ನಡು. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯನ್ನು ಅಟ್ಟುವ ಜಾತಿ. ದೂರದಲ್ಲಿ ಏನಾದರೂ ಓಡಿತೆಂದರೆ ಅದೂ ಓಡಲೇಬೇಕು. ನಾನೋ ಬೆಳಿಗ್ಗೆ ಕಟ್ಟಿ ಕಾಲೇಜಿಗೆ ಹೋದರೆ ಬಿಚ್ಚುತ್ತಿದ್ದುದು ಸಂಜೆಗೆ. ಒಂದು ದಿನ ಸರಪಳಿ ಕಿತ್ತುಕೊಂಡು ಹೋಗಿ, ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಕುರಿಮರಿಯನ್ನು ಅಟ್ಟಿ ಕೊಂದಿತು. ಮರಿಯ ಬೆಲೆ ಕೊಟ್ಟೆ. ಕುರಿಯವನ ಮುಖ ನೋಡಲು ಮಾತ್ರ ಬಹಳ ದಿನ ಆಗಲಿಲ್ಲ. ತಪ್ಪು ನಾಯಿಯದಲ್ಲ, ಆರಿಸಿದವನದು. ಕೊನೆಗೆ ಎರೆಹೊಲದ ಬಯಲಿನಲ್ಲಿ ಮನೆ ಮಾಡಿಕೊಂಡಿದ್ದ, ದಿನವೂ ಅದನ್ನು ಓಡಿಸಬಲ್ಲ ಪರಿಚಿತರಿಗೆ ಒಪ್ಪಿಸಿದೆ.

ಆದ್ದರಿಂದ ಮೊದಲು ನಿಮ್ಮ ದಿನಚರಿಯನ್ನು ನೋಡಿಕೊಳ್ಳಿ. ಹಗಲು ಮನೆಯಲ್ಲಿ ಯಾರಿರುತ್ತಾರೆ? ಕುರಿ, ಕೋಳಿ ಇವೆಯೇ? ಸಣ್ಣ ಮಕ್ಕಳಿದ್ದಾರೆಯೇ?

ಬಾಗಿಲು ಕಾಯಲು ನಮ್ಮೂರ ನಾಯಿಯೇ ಸಾಕು. ಹೊಸಬರ ಸುಳಿವು ಸಿಕ್ಕೊಡನೆ ಬೊಗಳುತ್ತದೆ. ನಮ್ಮ ಬಿಸಿಲಿಗೆ ಒಗ್ಗಿದೆ. ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಕುರಿ ಕೋಳಿಗಳ ನಡುವೆಯೇ ಬೆಳೆದ ಮರಿ ಅವುಗಳ ತಂಟೆಗೆ ಹೋಗುವುದು ಕಡಿಮೆ. ಹೆಣ್ಣು ಮರಿ ಬೇಡವೆನ್ನುವವರೇ ಹೆಚ್ಚು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಅದರಷ್ಟು ಮನೆ ಹಿಡಿದಿರುವ ನಾಯಿ ಬೇರಿಲ್ಲವೆಂದು ನನ್ನ ಅನುಭವ. ಇನ್ನು ಹಿಮದ ನಾಡಿನ ಸೇಂಟ್ ಬರ್ನಾರ್ಡನ್ನು ತಂದು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಟ್ಟುವುದು ಶುದ್ಧ ಹಿಂಸೆ.

ಕಾಡುಹಂದಿ ಕಾಟಕ್ಕೆಂದು ನಾಯಿ ಕೇಳುವವರಿದ್ದಾರೆ. ಹಂದಿಯ ಮೇಲೆ ಬಿಟ್ಟ ನಾಯಿಯ ಹೊಟ್ಟೆ ಕೋರೆಗೆ ಸಿಕ್ಕಿ ಸೀಳೀತು. ನಾಯಿ ಬೊಗಳಿ ನಿಮ್ಮನ್ನು ಎಬ್ಬಿಸಿದರೆ ಅಷ್ಟೇ ಸಾಕು. ಮೊಲ, ಕೃಷ್ಣಮೃಗಗಳ ಬೇಟೆಗಂತೂ ಬಿಡಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಯಾವ ನಾಯಿಯೇ ಇರಲಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ. ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ. ಅದರ ಹೊಟ್ಟೆಯಲ್ಲಿ ಲಾಡಿಹುಳುಗಳಾಗಿ, ಮೊಟ್ಟೆಗಳು ನಿಮ್ಮ ಮಕ್ಕಳ ಕೈಗೆ ಬಂದಾವು.

ಬಯಲು ಹೊಲ, ಓಡಿಸಲು ವೇಳೆ ಎರಡೂ ಇದ್ದವರು ಮುಧೋಳ ನಾಯಿಯನ್ನು ಧಾರಾಳವಾಗಿ ಸಾಕಬಹುದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮರಿಗೆ ಮುಂಗಡ ಕೊಡುವ ಮುಂಚೆ ಅಲ್ಲಿ ವಿಚಾರಿಸಿ; ಮರಿಯ ತಾಯಿ ತಂದೆಯನ್ನು ಕಣ್ಣಾರೆ ನೋಡಿ.