ನೋವಿಗೆ ಕಿವಿಗೊಟ್ಟವರು

1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತ ಕ್ಯಾನ್ಸರಿನಿಂದ ಸಾಯುತ್ತಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು. ತಾನು ಬದುಕಿದ್ದಕ್ಕೆ ಗುರುತೇ ಉಳಿಯದಲ್ಲ ಎಂಬ ಕೊರಗು ಬೇರೆ. ಸಿಸಿಲಿ ಸಾಂಡರ್ಸ್ ಎಂಬ ಸಮಾಜ ಕಾರ್ಯಕರ್ತೆ ಪಕ್ಕದಲ್ಲಿ ಕೂತು ಅವನ ಮಾತು ಕೇಳುತ್ತಿದ್ದರು. ಸಾವಿನಂಚಿನಲ್ಲಿರುವವರಿಗಾಗಿ ಆಕೆ ಮುಂದೆ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಬೇಕೆಂದು ಅವನು 500 ಪೌಂಡ್ ಬಿಟ್ಟುಹೋದ.

ಸಿಸಿಲಿ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿದರು. 1967ರಲ್ಲಿ ಕೊನೆಯ ದಿನಗಳಲ್ಲಿರುವ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ರೋಗಿ ನರಳುವವರೆಗೂ ಕಾಯದೆ, ಹೊತ್ತುಹೊತ್ತಿಗೆ ಸರಿಯಾಗಿ ನೋವು ತಗ್ಗಿಸುವ ಮಾರ್ಫಿನ್ ಕೊಡುವುದು ಅಲ್ಲಿನ ಕ್ರಮ. ನೋವು ಮತ್ತೆ ಬರುತ್ತದೆಂಬ ಭಯವೇ ಅರ್ಧ ನೋವು. ಆ ಭಯ ಇಳಿದರೆ ಮನುಷ್ಯ ಮಾತಾಡುತ್ತಾನೆ. ಆಗ ಮಕ್ಕಳ ಚಿಂತೆ, ತೀರದ ಸಾಲ, ದೇವರ ಮೇಲಿನ ಮುನಿಸು ಎಲ್ಲ ಹೊರಬರುತ್ತವೆ. ಇವೂ ನೋವೇ, ಇವಕ್ಕೂ ಆರೈಕೆ ಬೇಕು ಎಂದು ವೈದ್ಯಲೋಕಕ್ಕೆ ಪಟ್ಟುಹಿಡಿದು ಹೇಳಿದವರು ಆಕೆ.

ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಕಾಯಿಲೆ ಬಿದ್ದವರನ್ನು ಕೇಳುವ ರೂಢಿ ಕಡಿಮೆ. ರೋಗದ ಹೆಸರನ್ನೂ ಮುಚ್ಚಿಡುತ್ತೇವೆ, ಎಲ್ಲವನ್ನೂ ನಾವೇ ತೀರ್ಮಾನಿಸುತ್ತೇವೆ. ಹಾಸಿಗೆ ಹಿಡಿದವರಿಗೆ ಆಯ್ಕೆಗಳು ಒಂದೊಂದಾಗಿ ಕೈಜಾರುತ್ತವೆ. ಉಳಿದ ಕೆಲವನ್ನು ನಾವು ಕಸಿಯಬಾರದು. ಸ್ನಾನ ಈಗಲೋ ಸಂಜೆಗೋ, ಗಂಜಿಯೋ ಮಜ್ಜಿಗೆ ಅನ್ನವೋ, ಯಾರು ಬಂದು ನೋಡಲಿ, ಯಾರು ಬೇಡ, ಮುಂದಿನ ಚಿಕಿತ್ಸೆಗೆ ಮನಸ್ಸಿದೆಯೋ ಇಲ್ಲವೋ. ಇವತ್ತು ಅಂಥವರ ಬಳಿ ಹೋಗುವಿರಾದರೆ ದಯವಿಟ್ಟು ಒಮ್ಮೆ ಕೇಳಿ ನೋಡಿ.