ಕ್ಲೋಸ್‌ಪೇಟೆಯ ಕಲ್ಲು

ರಾಮನಗರದ ಬೆಟ್ಟ ಎಂದರೆ ಎಲ್ಲರ ಬಾಯಲ್ಲೂ ಅಲ್ಲಿ ಚಿತ್ರೀಕರಣಗೊಂಡ 1975ರ ಸಿನಿಮಾ ‘ಶೋಲೆ’. ಅದರ ಖಳನಾಯಕ ಗಬ್ಬರ್ ಕೂತ ಬಂಡೆಯ ವಯಸ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಸುಮಾರು 250 ಕೋಟಿ ವರ್ಷ! ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಊರು ಕ್ಲೋಸ್‌ಪೇಟೆಯಾಗಿತ್ತು. ಕಲ್ಲಿಗೆ ಇವತ್ತಿಗೂ ಅದೇ ಹೆಸರು.

ನೆಲದಾಳದ ಶಿಲಾಪಾಕ ಮೇಲೇರಿ, ನಿಧಾನವಾಗಿ ಆರಿ ಈ ಗ್ರಾನೈಟ್ ಆಯಿತು. ನಿಧಾನಕ್ಕೆ ಆರಿದ್ದರಿಂದಲೇ ಹರಳು ದಪ್ಪ. ಹತ್ತಿರ ಹೋಗಿ ನೋಡಿ: ಬೆರಳಗಲದ ನಸುಗೆಂಪು ಫೆಲ್ಡ್‌ಸ್ಪಾರ್, ನಡುನಡುವೆ ಗಾಜಿನಂಥ ಬೆಣಚು, ಮಿನುಗುವ ಕಪ್ಪು ಅಭ್ರಕ. ಕನಕಪುರ ದಾಟಿ ಕಬ್ಬಾಳದ ಕಡೆಗೆ ನೋಟವೇ ಬೇರೆ. ಅಲ್ಲಿ ಹಳೆಯ ಗ್ನೈಸ್ ಶಿಲೆ ಅರೆಬರೆ ಕರಗಿ, ಪಟ್ಟೆಪಟ್ಟೆಯಾಗಿ ಗ್ರಾನೈಟಿನೊಳಗೆ ಕಲಸಿಹೋಗಿದೆ. ಏಕೆಂದರೆ ಈ ಗ್ರಾನೈಟ್ ಹರವಿನ ದಕ್ಷಿಣದಲ್ಲಿ ಭೂಮಿಯ ಆಳದ ಪದರ ಹೊರಬಿದ್ದಿದೆ, ಉತ್ತರಕ್ಕೆ ಹೋದಂತೆ ಮೇಲುಮೇಲಿನ ಪದರ.

ಮಾಗಡಿಯ ಸಾವನದುರ್ಗ ಬೆಟ್ಟವೂ ಇದೇ ಕಲ್ಲು. ಹತ್ತುವವರು ದಯವಿಟ್ಟು ಬಂಡೆಯ ಮೇಲೆ ಹೆಸರು ಗೀಚಬೇಡಿ.