ಸಜ್ಜದಿಂದ ಬಿದ್ದವನ ಖರ್ಚು ಯಾರದು?

(ಫೆಬ್ರವರಿ 2018ರಲ್ಲಿ ತ್ರಿಪ್ಲಿಕೇನ್‌ನಲ್ಲಿ ನಡೆದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸದಸ್ಯರೊಬ್ಬರು ಆಡಿದ ಮಾತುಗಳು)



ನಿಧಿಗೆ ಹಣ ಕೇಳಲು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಕೇಳುತ್ತೇನೆ. ಆದರೆ ಕಳೆದ ವರ್ಷ ಇದೇ ನಿಧಿಯ ಮುಂದೆ ನಾನೇ ಕೈಯೊಡ್ಡಿದ್ದೆ. ಮೊದಲು ಆ ಕತೆ ಹೇಳಿಬಿಡುತ್ತೇನೆ.

ನಮ್ಮದು ಪಾರ್ಥಸಾರಥಿ ಗುಡಿಯ ಹತ್ತಿರ ಹಳೆಯ ಮಹಡಿ ಮನೆ. ಮಗಳ ಮದುವೆಗೆ ಮುಂಚೆ ಸುಣ್ಣಬಣ್ಣ ಮಾಡಿಸಬೇಕಿತ್ತು. ನಾಲ್ಕು ಕಾಸು ಉಳಿಯಲಿ ಎಂದು ಮೇಸ್ತ್ರಿಯನ್ನು ಬಿಟ್ಟು ನಾನೇ ಇಬ್ಬರನ್ನು ದಿನಗೂಲಿಗೆ ಕರೆದೆ. ಅವರಲ್ಲೊಬ್ಬ ತಾಳವಾಡಿ ಕಡೆಯ ಹುಡುಗ. ಕನ್ನಡ ಮಾತಾಡುತ್ತಾನೆಂದು ನಮ್ಮ ಮನೆಯವರಿಗೆ ಬಲು ಸಂತೋಷ, ದಿನವೂ ಎರಡು ಲೋಟ ಕಾಫಿ. ಮೂರನೆಯ ದಿನ ಅವನು ಮಹಡಿಯ ಕಿಟಕಿಯ ಸಜ್ಜದ ಮೇಲೆ ಕಾಲಿಟ್ಟ. ಸಜ್ಜ ಅವನ ಸಮೇತ ಕೆಳಗೆ ಬಂತು. ತೊಡೆಯ ಮೂಳೆ ಮುರಿಯಿತು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ ಅವನು ಹೇಳಿದ್ದು ಒಂದೇ ಮಾತು: "ಹಟ್ಟಿಗೆ ಯೋಳ್ಬ್ಯಾಡಿ ಸಾ."

ಆ ಸಜ್ಜ 2015ರ ಡಿಸೆಂಬರ್ ಮಳೆಯಲ್ಲೇ ಬಿರುಕು ಬಿಟ್ಟು ಕಂಬಿ ಕಾಣುತ್ತಿತ್ತು. ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ.

ರಾಡ್ ಹಾಕಿದರು. ಆಸ್ಪತ್ರೆಯ ಬಿಲ್ಲು ಲಕ್ಷ ದಾಟಿತು. ಅಕ್ಕಪಕ್ಕದವರು, "ಅವನೇ ನೋಡಿಕೊಂಡು ಕಾಲಿಡಬೇಕಿತ್ತು, ಇಪ್ಪತ್ತು ಸಾವಿರ ಕೊಟ್ಟು ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಳ್ಳಿ" ಎಂದರು. ನಾನು ಪೇಪರ್ ತಂದೂ ಇಟ್ಟಿದ್ದೆ. ಉಳಿದ ಹಣಕ್ಕೆ ಈ ಸಂಘಕ್ಕೆ ಅರ್ಜಿ ಹಾಕಿದೆ. ಸಮಿತಿಯಲ್ಲಿದ್ದ ವಕೀಲರು ಅರ್ಜಿ ಓದಿ, "ಸ್ವಾಮಿ, ಇದು ಅವನ ಅರ್ಜಿಯೋ ನಿಮ್ಮದೋ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಅವರೇ ಕೂರಿಸಿಕೊಂಡು ತಿಳಿಸಿದರು. 1923ರ ನೌಕರರ ನಷ್ಟಪರಿಹಾರ ಕಾಯಿದೆ ಕಾರ್ಖಾನೆಗಳಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಒಂದು ಅಂತಸ್ತಿಗಿಂತ ಹೆಚ್ಚಿನ ಅಥವಾ ನೆಲದಿಂದ ಸೂರಿನ ತುದಿಗೆ ಹನ್ನೆರಡು ಅಡಿಯಾದರೂ ಇರುವ ಕಟ್ಟಡದ ರಿಪೇರಿ, ದುರಸ್ತಿ ಕೆಲಸದವರೂ ಅದರೊಳಗೆ ಬರುತ್ತಾರೆ. ಬಿಡಿ ಕೂಲಿಯವರು, ಮಾಲೀಕನ ವ್ಯಾಪಾರಕ್ಕಲ್ಲದ ಕೆಲಸದವರು ಎಂದು ಹೊರಗಿಡುವ ಮಾತನ್ನು 2000ದಲ್ಲೇ ತೆಗೆದುಹಾಕಿದ್ದಾರೆ. ಕೆಲಸದವನ ಸಾಮಾನ್ಯ ಅಜಾಗ್ರತೆ ನೆಪವಾಗದು. ಆಸ್ಪತ್ರೆಯ ನಿಜವಾದ ಖರ್ಚು ಮಾಲೀಕನದು. ಕೆಲಸಕ್ಕೆ ಹೋಗಲಾಗದಷ್ಟು ಕಾಲ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಕಾಲು ಭಾಗ ಕೊಡಬೇಕು. ಕೂಲಿ ಎಷ್ಟೇ ಇರಲಿ ಈ 2018ರಲ್ಲಿ ತಿಂಗಳಿಗೆ 8,000 ರೂಪಾಯಿಗೇ ಲೆಕ್ಕ ನಿಲ್ಲುತ್ತದೆ, ಅಂದರೆ 2,000. ಬಣ್ಣದವನ ಮನೆ ಅದರಲ್ಲಿ ನಡೆಯುವುದಿಲ್ಲ, ಅದು ಬೇರೆ ಮಾತು. ಕಾಲು ಊನವಾಗಿ ಉಳಿದರೆ ಅದರ ಲೆಕ್ಕ ಬೇರೆ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಒಪ್ಪಂದವಾದರೆ ಕಮಿಷನರ್ ಬಳಿ ನೋಂದಾಯಿಸಬೇಕು.

ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ? ವಾಸದ ಮನೆಯಾದರೆ ಈ ಕಾಯಿದೆಯ ಹೊಣೆ ಸಾಮಾನ್ಯವಾಗಿ ಮೇಸ್ತ್ರಿಯದು. ನಮ್ಮ ಪೇಟೆಯಲ್ಲಿ ಮ್ಯಾನ್ಷನ್ ನಡೆಸುವವರು ಮಾತ್ರ ಹಾಗೆ ನಂಬಿ ಕೂರಬೇಡಿ, ನಿಮ್ಮದು ವ್ಯಾಪಾರ. ಇನ್ನು ಶಿಥಿಲವಾದದ್ದನ್ನು ಗೊತ್ತಿದ್ದೂ ಹೇಳದೆ ಇದ್ದ ತಪ್ಪನ್ನು ಯಾವ ಗುತ್ತಿಗೆ ಕಾಗದವೂ ತೊಳೆಯದು. ಕೆಲಸ ಹಿಡಿಸುವ ಮುಂಚೆ ಮೇಸ್ತ್ರಿಯ ಬಳಿ ಕೆಲಸಗಾರರ ವಿಮೆ ಇದೆಯೇ ಕೇಳಿ. ಇಲ್ಲವಾದರೆ ನೀವೇ ಮಾಡಿಸಿ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಅದಕ್ಕೆಂದೇ ಪಾಲಿಸಿ ಇದೆ.

ಸಂಘ ಮಾಡಿದ್ದು ಇಷ್ಟು. ಆಪರೇಷನ್ ತಡವಾಗಬಾರದೆಂದು ಅಂದೇ 40,000 ರೂಪಾಯಿ ಕಟ್ಟಿತು, ನನ್ನಿಂದ ಎಂಟು ಕಂತಿನಲ್ಲಿ ವಾಪಸು ತೆಗೆದುಕೊಂಡಿತು. ಕೊನೆಯ ಕಂತು ಹೋದ ತಿಂಗಳು ಮುಗಿಯಿತು. ಮದುವೆಯನ್ನು ಸಣ್ಣದಾಗಿ ಮಾಡಿದೆವು. ಹುಡುಗ ಈಗ ಕೋಲಿಲ್ಲದೆ ನಡೆಯುತ್ತಾನೆ, ಏಣಿ ಮಾತ್ರ ಹತ್ತುವುದಿಲ್ಲ.

ಮಾಲೀಕ ಯಾರೆಂದು ತೀರ್ಮಾನವಾಗುವವರೆಗೆ ಆಸ್ಪತ್ರೆ ಕಾಯುವುದಿಲ್ಲ. ಆ ಮೊದಲ ದಿನದ ಹಣಕ್ಕೇ ಈ ನಿಧಿ. ಈ ತಿಂಗಳು ಮೂರು ಅರ್ಜಿಗಳಿವೆ. ಅದರಲ್ಲೊಂದು ಕಟ್ಟಡದಿಂದ ಬಿದ್ದವರದು, ಮಾಲೀಕರು ಇನ್ನೂ ಫೋನ್ ಎತ್ತಿಲ್ಲ. ರಸೀದಿ ಪುಸ್ತಕ ಬಾಗಿಲ ಬಳಿ ಖಜಾಂಚಿಯವರ ಕೈಯಲ್ಲಿದೆ.